ಅಕ್ಷರವಿಲ್ಲದ ಮಾತಿಗೂ ಹೊಣೆಯುಂಟು

ಭಟ್ಕಳಕ್ಕೆ ಹೊಂದಿಕೊಂಡಿರುವ ಜಾಲಿಯ ಕಡಲತೀರದಲ್ಲಿ ಸಂಜೆಗೆಂಪು ಕರಗಿ ಕತ್ತಲು ಇಳಿಯುವ ಹೊತ್ತಿಗೆ, ಭಟ್ಕಳ ಬಂದರಿನ ದೀಪಸ್ತಂಭ ತನ್ನ ಕಾಯಕವನ್ನು ಆರಂಭಿಸುತ್ತದೆ. ಅದು ಕೂಗಿ ಕರೆಯುವುದಿಲ್ಲ, ಹೆಸರು ಹೇಳುವುದಿಲ್ಲ. ಆದರೂ ಕಡಲಿನಲ್ಲಿರುವ ನಾವಿಕನಿಗೆ ತಾನು ಎಲ್ಲಿದ್ದೇನೆ, ದಡ ಎಷ್ಟು ದೂರದಲ್ಲಿದೆ ಎಂಬುದು ತಿಳಿದುಬಿಡುತ್ತದೆ. ಪ್ರತಿಯೊಂದು ದೀಪಸ್ತಂಭಕ್ಕೂ ಬೆಳಗಿ ಆರುವ ತನ್ನದೇ ಆದ ಲಯವಿರುತ್ತದೆ. ಆ ಲಯವೇ ಅದರ ಹೆಸರು. ಇದೇ ಭಟ್ಕಳದ ಪೇಟೆಯೊಳಗೆ ಇನ್ನೊಂದು ಸ್ತಂಭವಿದೆ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯ ಮುಂದೆ ಜಗುಲಿಯ ಮೇಲೆ ನಿಂತಿರುವ, ಸುಮಾರು 21 ಅಡಿ ಎತ್ತರದ ಏಕಶಿಲೆಯ ಮಾನಸ್ತಂಭ ಅದು. ಅದರಲ್ಲಿ ಬೆಳಕಿಲ್ಲ, ಚಲನೆಯೂ ಇಲ್ಲ. ಆದರೆ ಬಸದಿಯ ಬಾಗಿಲಿಗೆ ಬರುವ ಭವ್ಯಜೀವಿಗೆ ಅದು ಒಂದೇ ಒಂದು ಸಂಗತಿಯನ್ನು ಹೇಳುತ್ತದೆ: ನಿನ್ನ ಮಾನಕಷಾಯವನ್ನು, ಅಂದರೆ ಅಹಂಕಾರವನ್ನು, ಇಲ್ಲಿಯೇ ಇಳಿಸಿ ಒಳಗೆ ಬಾ.

ಕಲ್ಲಿನ ಈ ಮಾತನ್ನು ಮೊದಲು ಕೇಳಿಸಿಕೊಂಡು ಬದಲಾದವನು ಇಂದ್ರಭೂತಿ ಗೌತಮನೆಂದು ದಿಗಂಬರ ಪರಂಪರೆ ಹೇಳುತ್ತದೆ. ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾದ ಮೇಲೆ ಸಮವಸರಣ ಸಿದ್ಧವಾಯಿತು; ದೇವತೆಗಳು, ಮನುಷ್ಯರು, ತಿರ್ಯಂಚ ಜೀವಿಗಳು ಬಂದು ಕುಳಿತರು. ಆದರೂ 66 ದಿನಗಳ ಕಾಲ ಭಗವಂತನ ವಾಣಿ ಹೊಮ್ಮಲಿಲ್ಲ. ಗ್ರಹಿಸಬಲ್ಲ ಗಣಧರನಿಗಾಗಿ ಮೌನ ಕಾದಿತ್ತು. ತನ್ನ ಶಿಷ್ಯರೊಡನೆ ವಾದ ಮಾಡಿ ಗೆಲ್ಲುವ ಹುಮ್ಮಸ್ಸಿನಿಂದ ಬಂದ ಇಂದ್ರಭೂತಿ, ರಾಜಗೃಹದ ವಿಪುಲಾಚಲದಲ್ಲಿ ಮಾನಸ್ತಂಭವನ್ನು ಕಂಡೊಡನೆ ಕರಗಿಹೋದ. ಅವನ ಪಾಂಡಿತ್ಯದ ಗರ್ವವನ್ನು ಇಳಿಸಲು ಯಾರೂ ಒಂದು ಶಬ್ದವನ್ನೂ ಆಡಬೇಕಾಗಲಿಲ್ಲ. ಮಾತು ಆರಂಭವಾಗುವ ಮೊದಲೇ ಸಂವಾದದ ಅರ್ಧಭಾಗ ಮುಗಿದಿತ್ತು. ಆ ಬಳಿಕವೇ ದಿವ್ಯಧ್ವನಿ ಹೊಮ್ಮಿತು. ಅದೂ ತುಟಿ, ಹಲ್ಲು, ನಾಲಗೆಗಳ ಚಲನೆಯಿಲ್ಲದೆ ಹೊಮ್ಮಿ, 18 ಮಹಾಭಾಷೆಗಳು, 700 ಕಿರುಭಾಷೆಗಳು ಮಾತ್ರವಲ್ಲದೆ ಪಶುಪಕ್ಷಿಗಳ ಭಾಷೆಯಲ್ಲಿಯೂ ಕೇಳುಗರಿಗೆ ತಿಳಿಯುವಂಥದ್ದೆಂದು ಶಾಸ್ತ್ರಗಳು ವರ್ಣಿಸುತ್ತವೆ.

ಮಾತಿಲ್ಲದ ಮಾತನ್ನು ಜೈನಧರ್ಮ ಎಷ್ಟು ಗಂಭೀರವಾಗಿ ಪರಿಗಣಿಸಿದೆ ಎಂಬುದನ್ನು ಅರಿಯಲು ಇಷ್ಟು ಸಾಕು. ಮೌನವನ್ನು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಜಿನಾಗಮದ ಪ್ರಶ್ನೆ ಇನ್ನೂ ಆಳವಾದದ್ದು. ಬಾಯಿ ಮುಚ್ಚಿದಾಗಲೂ ನಾವು ಹೇಳುತ್ತಲೇ ಇರುತ್ತೇವೆ. ಕಣ್ಣು, ಹುಬ್ಬು, ಕೈ, ನಡೆ, ತಿರುಗಿಸಿದ ಬೆನ್ನು ಎಲ್ಲವೂ ಏನನ್ನೋ ನುಡಿಯುತ್ತಿರುತ್ತವೆ. ಹಾಗಾದರೆ ಆ ನುಡಿಗೆ ಹೊಣೆ ಯಾರು?

ಶಬ್ದದ ನೆಲ, ಮೌನದ ನೆಲ

ಈ ಪ್ರಶ್ನೆಯನ್ನು ಕೇಳಲು ಭಟ್ಕಳದ ಪರಿಸರಕ್ಕಿಂತ ತಕ್ಕ ತಾಣ ಸಿಗುವುದು ವಿರಳ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿ ಒಂದು ಕಾಲದಲ್ಲಿ ಸಂಗೀತಪುರವೆಂದು ಹೆಸರಾದ ಜೈನಕೇಂದ್ರ. ಅಲ್ಲಿನ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. ಕನ್ನಡದ ನುಡಿಗೆ ಸಂಸ್ಕೃತದಲ್ಲಿ 592 ಸೂತ್ರಗಳ ವ್ಯಾಕರಣವನ್ನು ಕಟ್ಟಿ, ಅದಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆದ ಮಹಾವಿದ್ವಾಂಸನೀತ. ಭಟ್ಕಳವೆಂಬ ಹೆಸರು ಈತನಿಂದಲೇ ಬಂದಿತೆಂಬ ಜನಶ್ರುತಿಯೂ ಇದೆ. ಒಂದೊಂದು ಅಕ್ಷರ, ಒಂದೊಂದು ಪ್ರತ್ಯಯ ಎಲ್ಲಿ ನಿಲ್ಲಬೇಕು, ಹೇಗೆ ಮಾರ್ಪಡಬೇಕು ಎಂದು ಅಳೆದು ಹೇಳಿದ ಶಾಸ್ತ್ರ ಅದು.

ಅದೇ 1604ರಲ್ಲಿ, ಇದೇ ಕರಾವಳಿಯ ದಕ್ಷಿಣಕ್ಕೆ, ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ ಅಜಿಲ ಅರಸ ವೀರ ತಿಮ್ಮಣ್ಣನು 35 ಅಡಿ ಎತ್ತರದ ಬಾಹುಬಲಿಯ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಒಂದೇ ವರ್ಷ, ಒಂದೇ ಧರ್ಮ, ಎರಡು ಕೊಡುಗೆಗಳು. ಒಂದು ಶಬ್ದಕ್ಕೆ ಶಿಸ್ತು ಕೊಟ್ಟಿತು. ಇನ್ನೊಂದು ಒಂದೂ ಶಬ್ದವಿಲ್ಲದೆ ನಾಲ್ಕು ಶತಮಾನಗಳಿಂದ ಉಪದೇಶ ಮಾಡುತ್ತಿದೆ. ಇವೆರಡೂ ಪರಸ್ಪರ ವಿರುದ್ಧವಾದವುಗಳಲ್ಲ. ಆಡುವ ಮಾತಿಗೆ ವ್ಯಾಕರಣ ಇರುವಂತೆ ಆಡದ ಮಾತಿಗೂ ಒಂದು ವ್ಯಾಕರಣವಿದೆ. ಅದನ್ನು ನಮ್ಮ ಆಚಾರ್ಯರು ಚಾರಿತ್ರವೆಂದು ಕರೆದರು.

ಅನಕ್ಷರ ಶ್ರುತ

ಅಕ್ಷರವಿಲ್ಲದ ಸಂವಹನವನ್ನು ಜೈನ ಜ್ಞಾನಮೀಮಾಂಸೆ ಹೆಸರಿಟ್ಟು ಗುರುತಿಸಿದೆ. ಐದು ಜ್ಞಾನಗಳಲ್ಲಿ ಎರಡನೆಯದಾದ ಶ್ರುತಜ್ಞಾನದಲ್ಲಿ ಅಕ್ಷರಾತ್ಮಕ, ಅನಕ್ಷರಾತ್ಮಕ ಎಂಬ ಎರಡು ಬಗೆಗಳಿವೆ. ಶ್ವೇತಾಂಬರ ಆಗಮವಾದ ನಂದೀಸೂತ್ರ ಅನಕ್ಷರ ಶ್ರುತಕ್ಕೆ ಕೊಡುವ ಉದಾಹರಣೆಗಳನ್ನು ನೋಡಿದರೆ ಅಚ್ಚರಿಯಾಗುತ್ತದೆ: ನಿಟ್ಟುಸಿರು, ಕೆಮ್ಮು, ಸೀನು, ಉಗುಳುವ ಸದ್ದು ಇಂಥವು! ಮನೆಯ ಹಿರಿಯರು ಹೊಸ್ತಿಲಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಒಳಗಿನವರಿಗೆ ಅವರು ಬಂದದ್ದು ತಿಳಿಯುತ್ತದೆ. ತಾಯಿಯ ಒಂದು ನಿಟ್ಟುಸಿರಿನಲ್ಲಿ ಮಗಳು ಇಡೀ ದಿನದ ಕಥೆಯನ್ನು ಓದಿಕೊಳ್ಳುತ್ತಾಳೆ. ಅಕ್ಷರವಿಲ್ಲದಿದ್ದರೂ ಅರ್ಥ ದಾಟಿಹೋಯಿತು. ಆದ್ದರಿಂದ ಅದೂ ಶ್ರುತವೇ ಎಂಬುದು ಶಾಸ್ತ್ರಕಾರರ ನಿಲುವು.

ಗಂಗರ ಮಂತ್ರಿ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿಯೂ ಈ ವಿಚಾರದ ಚರ್ಚೆಯಿದೆ. 1359ರಲ್ಲಿ ಕೇಶವವರ್ಣಿಗಳು ಕನ್ನಡದಲ್ಲಿ ವೃತ್ತಿ ಬರೆದು ನಮ್ಮವರ ಓದಿಗೆ ಒದಗಿಸಿದ ಗ್ರಂಥವಿದು. ಶಬ್ದದಿಂದ ಹುಟ್ಟುವ ಅರಿವು ಒಂದು, ಕುರುಹಿನಿಂದ ಹುಟ್ಟುವ ಅರಿವು ಇನ್ನೊಂದು ಎಂದು ಈ ಪರಂಪರೆ ವಿಂಗಡಿಸುತ್ತದೆ. ಅಧ್ಯಯನಕ್ಕೂ ಉಪದೇಶಕ್ಕೂ ವ್ಯವಹಾರಕ್ಕೂ ಶಬ್ದವೇ ಮುಖ್ಯ. ಆದರೆ ಕುರುಹಿನಿಂದ ಹುಟ್ಟುವ ಅರಿವು ಏಕೇಂದ್ರಿಯ ಜೀವಿಯಿಂದ ಪಂಚೇಂದ್ರಿಯ ಜೀವಿಯವರೆಗೆ ಎಲ್ಲೆಡೆಯೂ ಇದೆ. ತಣ್ಣನೆಯ ಗಾಳಿ ಸೋಕಿದಾಗ ಇದು ನನ್ನ ದೇಹಪ್ರಕೃತಿಗೆ ಒಗ್ಗದು ಎಂದು ಅರಿವಾಗುತ್ತದಲ್ಲ, ಅಂಥದು ಅದು. ಎಂದರೆ, ಮಾತು ಕೆಲವು ಜೀವಿಗಳ ಸೌಭಾಗ್ಯ. ಕುರುಹು ಎಲ್ಲ ಜೀವಿಗಳ ಸಂಪತ್ತು. ಶಬ್ದವನ್ನು ಮಾತ್ರ ಕೇಳಿಸಿಕೊಳ್ಳುವವನು ಜೀವಲೋಕದ ಬಹುಪಾಲು ನುಡಿಗೆ ಕಿವುಡನಾಗಿರುತ್ತಾನೆ.

ಈ ಕಿವುಡುತನವನ್ನು ಮೀರಿದವರು 22ನೆಯ ತೀರ್ಥಂಕರ ನೇಮಿನಾಥರು. ಮದುವೆಯ ಮೆರವಣಿಗೆ ಸಾಗುತ್ತಿದ್ದಾಗ, ಔತಣದ ಅಡುಗೆಗಾಗಿ ಕೂಡಿಹಾಕಿದ್ದ ಮೃಗಗಳ ಆಕ್ರಂದನ ಅವರ ಕಿವಿಗೆ ಬಿತ್ತು. ವಾದ್ಯಗಳ ಘೋಷವಿತ್ತು, ಮಂಗಳಗೀತೆಗಳಿದ್ದವು, ಜನರ ಸಂಭ್ರಮವಿತ್ತು. ಅವೆಲ್ಲದರ ನಡುವೆ ಅಕ್ಷರವಿಲ್ಲದ ಆ ಒಂದು ದನಿಯೇ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ರಥ ತಿರುಗಿತು, ಗಿರಿನಾರದ ಹಾದಿ ತೆರೆಯಿತು. ಮೆರವಣಿಗೆಯಲ್ಲಿದ್ದ ಉಳಿದವರಿಗೂ ಕಿವಿಗಳಿದ್ದವು. ದನಿ ಎಲ್ಲರಿಗೂ ತಲುಪಿತ್ತು, ಅರ್ಥ ತಲುಪಿದ್ದು ಒಬ್ಬರಿಗೆ ಮಾತ್ರ.

ನೂರೆಂಟು ಮಣಿಗಳ ಲೆಕ್ಕ

ಹೊಣೆಗಾರಿಕೆಯ ಪ್ರಶ್ನೆಗೆ ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ ಕರಾರುವಾಕ್ಕಾದ ಉತ್ತರವನ್ನು ಕೊಡುತ್ತದೆ. ಕರ್ಮದ ಆಸ್ರವಕ್ಕೆ ಜೀವನ ಕಡೆಯಿಂದ ಆಧಾರವಾಗುವ ಬಗೆಗಳನ್ನು ಅಲ್ಲಿ ಎಣಿಸಲಾಗಿದೆ. ಕೆಡುಕನ್ನು ಸಂಕಲ್ಪಿಸುವುದು, ಅದಕ್ಕೆ ಸಾಧನಗಳನ್ನು ಹೊಂದಿಸುವುದು, ಮಾಡತೊಡಗುವುದು ಎಂಬ ಮೂರು ಹಂತಗಳು. ಮನ, ವಚನ, ಕಾಯವೆಂಬ ಮೂರು ದ್ವಾರಗಳು. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಮೂರು ರೀತಿಗಳು. ಕ್ರೋಧ, ಮಾನ, ಮಾಯಾ, ಲೋಭವೆಂಬ ನಾಲ್ಕು ಕಷಾಯಗಳು. ಇವನ್ನೆಲ್ಲ ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೂ ಈ ಸಂಖ್ಯೆಗೂ ಇರುವ ನಂಟನ್ನು ಶ್ರಾವಕರು ಬಲ್ಲರು.

ಈ ಲೆಕ್ಕವನ್ನು ನಮ್ಮ ವಿಷಯದ ದೃಷ್ಟಿಯಿಂದ ಇನ್ನೊಮ್ಮೆ ನೋಡೋಣ. 108ರಲ್ಲಿ ವಚನದ ಪಾಲು 36 ಮಾತ್ರ. ಉಳಿದ 72 ಬಗೆಗಳು ಮಾತಿಲ್ಲದೆಯೇ ನಡೆಯುವಂಥವು. ಅವುಗಳಲ್ಲಿ 36 ದೇಹದ ಮೂಲಕ ಆಗುತ್ತವೆ. ನಾಲಗೆಯನ್ನು ಬಿಗಿಹಿಡಿದವನು ಮೂರನೆಯ ಒಂದು ಭಾಗವನ್ನಷ್ಟೇ ಕಾದುಕೊಂಡಂತಾಯಿತು. ಆದ್ದರಿಂದಲೇ ಗುಪ್ತಿಗಳು ಮೂರು: ವಚನಗುಪ್ತಿಯ ಆಚೀಚೆ ಮನೋಗುಪ್ತಿ, ಕಾಯಗುಪ್ತಿಗಳು ನಿಂತಿವೆ.

ನಮ್ಮ ದಿನಚರಿಯಲ್ಲಿ ಇದರ ರೂಪಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಸೊಸೆ ಬಡಿಸಿದ ಅನ್ನವನ್ನು ಮುಟ್ಟದೆ ತಟ್ಟೆಯನ್ನು ಸರಿಸುವುದು ಕಾಯದಿಂದಾದ ಕ್ರೋಧ. ಬಡ ಬಂಧು ಮಾತನಾಡಿಸಲು ಬಂದಾಗ ಕಣ್ಣನ್ನು ಮೊಬೈಲಿನಿಂದ ಎತ್ತದಿರುವುದು ಕಾಯದಿಂದಾದ ಮಾನ. ಒಳಗೆ ಹಗೆಯಿಟ್ಟುಕೊಂಡು ನಗುಮುಖ ತೋರುವುದು ಮಾಯಾ. ಒಬ್ಬನನ್ನು ಹತ್ತು ಜನ ಹೀಯಾಳಿಸುವಾಗ ಏನೂ ಹೇಳದೆ ತುಟಿಯಂಚಿನಲ್ಲಿ ನಕ್ಕರೆ ಅದು ಅನುಮೋದನೆ. ಇವುಗಳಲ್ಲಿ ಯಾವುದಕ್ಕೂ ಸಾಕ್ಷಿಯಿರುವುದಿಲ್ಲ. ‘ನಾನೇನೂ ಅನ್ನಲೇ ಇಲ್ಲವಲ್ಲ’ ಎಂದು ಲೋಕದ ಮುಂದೆ ನುಣುಚಿಕೊಳ್ಳಬಹುದು. ಕರ್ಮದ ಮುಂದೆ ಆ ವಾದ ನಿಲ್ಲುವುದಿಲ್ಲ.

ಶರಾವತಿಯ ತೀರದ ಗೇರುಸೊಪ್ಪೆಯಲ್ಲಿ, ರಾಣಿ ಚೆನ್ನಭೈರಾದೇವಿ ಆಳಿದ ನಾಡಿನಲ್ಲಿ, ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕಿಗೂ ಬಾಗಿಲುಗಳು. ಯಾವ ಬಾಗಿಲಿನಿಂದ ಬಂದವನಿಗೂ ಜಿನನ ಮುಖವೇ ಎದುರಾಗುತ್ತದೆ. ಸಮವಸರಣದಲ್ಲಿ ಯಾರಿಗೂ ತೀರ್ಥಂಕರರ ಬೆನ್ನು ಕಾಣುವುದಿಲ್ಲವೆಂಬ ಆಗಮದ ಮಾತಿಗೆ ಶಿಲ್ಪಿಗಳು ಕಲ್ಲಿನಲ್ಲಿ ಕೊಟ್ಟ ರೂಪವಿದು. ಮನೆಯೊಳಗೆ ಮಾತಿಲ್ಲದೆ ನಡೆಯುವ ಹಿಂಸೆಗಳಲ್ಲಿ ಮುಖ ತಿರುಗಿಸುವುದೇ ಅತಿ ಸಾಮಾನ್ಯವಾದದ್ದು. ಯಾರಿಗೂ ಬೆನ್ನು ತೋರದ ಜಿನಬಿಂಬದ ಮುಂದೆ ಕೈಮುಗಿದು ಬಂದವನು ಮನೆಯವರಿಗೆ ಬೆನ್ನು ತೋರಿ ಕುಳಿತರೆ, ಆ ದರ್ಶನ ಅವನಲ್ಲಿ ಇಳಿದಿಲ್ಲವೆಂದೇ ಅರ್ಥ.

ಅಂಗೈಯ ಭಾಷೆ

ದೇಹದ ನುಡಿಯನ್ನು ಹೇಗೆ ಶುದ್ಧವಾಗಿಟ್ಟುಕೊಳ್ಳಬೇಕು ಎಂಬುದನ್ನು ಕಾಣಬೇಕಾದರೆ ದಿಗಂಬರ ಮುನಿಗಳ ಆಹಾರಚರ್ಯೆಯನ್ನು ನೋಡಬೇಕು. ಮುನಿಗಳು ದಿನಕ್ಕೆ ಒಮ್ಮೆ, ನಿಂತುಕೊಂಡು, ಕರಪಾತ್ರೆಯಲ್ಲಿ ಆಹಾರವನ್ನು ಸ್ವೀಕರಿಸುತ್ತಾರೆ. ಬಲಗೈಯ ಬೆರಳುಗಳನ್ನು ಹೆಗಲಿಗೆ ತಾಗಿಸಿ ಹೊರಟರೆಂದರೆ ಅವರು ಆಹಾರಕ್ಕಾಗಿ ಬರುತ್ತಿದ್ದಾರೆಂದು ಶ್ರಾವಕರಿಗೆ ತಿಳಿಯುತ್ತದೆ. ಬಾಗಿಲುಗಳಲ್ಲಿ ಕಲಶ, ಫಲಗಳನ್ನು ಹಿಡಿದು ದಂಪತಿಗಳು ಪ್ರತಿಗ್ರಹಣಕ್ಕೆ ನಿಂತಿರುತ್ತಾರೆ. ಮುನಿಗಳು ಮನಸ್ಸಿನಲ್ಲಿಯೇ ಒಂದು ನಿಯಮವನ್ನು ತಳೆದಿರಬಹುದು. ಇದಕ್ಕೆ ವೃತ್ತಿಪರಿಸಂಖ್ಯಾನ ತಪವೆಂದು ಹೆಸರು. ಅದು ಕೂಡಿಬಂದಲ್ಲಿ ನಿಲ್ಲುತ್ತಾರೆ, ಕೂಡಿಬರದಿದ್ದರೆ ಉಪವಾಸದಿಂದ ಮರಳುತ್ತಾರೆ. ನಿಯಮವೇನೆಂದು ಯಾರಿಗೂ ಹೇಳುವುದಿಲ್ಲ. ಸ್ವೀಕರಿಸುತ್ತಿರುವಾಗ ಕೂದಲೋ ಜೀವಿಯೋ ಕಂಡರೆ ಜೋಡಿಸಿದ ಅಂಜಲಿ ಬಿಚ್ಚಿಕೊಳ್ಳುತ್ತದೆ, ಅಲ್ಲಿಗೆ ಅಂತರಾಯ. ಬೇಸರವಿಲ್ಲ, ದೂರಿಲ್ಲ.

ಇಲ್ಲಿ ಮರೆಯಬಾರದ ಸೂಕ್ಷ್ಮವೊಂದಿದೆ. 13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಗೃಹಸ್ಥನ ಭೋಜನಮೌನದ ವಿಚಾರವನ್ನು ಹೇಳುತ್ತ, ರುಚಿಯ ಆಸೆಯಿಂದ ಹೂಂಕಾರ ಮೊದಲಾದ ಸನ್ನೆಗಳನ್ನು ಮಾಡುವುದನ್ನೂ ಬಿಡಬೇಕೆನ್ನುತ್ತಾರೆ. ಬಾಯಿ ಮುಚ್ಚಿಕೊಂಡು, ಇನ್ನೂ ಬಡಿಸೆಂದು ಹುಬ್ಬಿನಿಂದ ತೋರಿಸಿದರೆ ಮೌನ ಉಳಿಯಲಿಲ್ಲ; ಲೋಭ ಬೇರೊಂದು ಬಾಯಿಯಿಂದ ಮಾತನಾಡಿತು, ಅಷ್ಟೆ. ಊಟದ ಮೊದಲೂ ಆಮೇಲೂ ಮನಸ್ಸಿನಲ್ಲಿ ಕುದಿಯಬಾರದು ಎಂಬುದನ್ನೂ ಅವರು ಇದಕ್ಕೇ ಸೇರಿಸುತ್ತಾರೆ. ಉಪ್ಪು ಕಡಿಮೆಯಾಯಿತೆಂದು ಬಾಯಿಬಿಟ್ಟು ಹೇಳದಿದ್ದರೂ ಮುಖ ಸಿಂಡರಿಸಿ ಎದ್ದವನ ಮೌನವ್ರತಕ್ಕೆ ಏನು ಬೆಲೆ? ಮೌನವೆಂದರೆ ಆಸೆ ಅಡಗುವುದು. ತುಟಿ ಅಡಗುವುದು ಅದರ ಹೊರಚಿಹ್ನೆ ಮಾತ್ರ.

ಒಂದೇ ಮನೆ, ಎರಡು ಓದು

ಹೇಳುವವನ ಹೊಣೆಯನ್ನು ಕಂಡೆವು. ನೋಡುವವನಿಗೂ ಹೊಣೆಯಿದೆ. ಮಾತಿಗೆ ನಿಘಂಟು ಉಂಟು. ನೋಟಕ್ಕೆ, ಮೌನಕ್ಕೆ, ಕೈಯ ಚಲನೆಗೆ ನಿಘಂಟಿಲ್ಲ. ಆದ್ದರಿಂದ ಓದುವವನು ತನ್ನ ಕಷಾಯದ ಬಣ್ಣವನ್ನೇ ಅದಕ್ಕೆ ಬಳಿಯುತ್ತಾನೆ. ಇದಕ್ಕೆ ಚಂದನೆಯ ಕಥೆ ಸಾಕ್ಷಿ. ಎರಡೂ ಪರಂಪರೆಗಳಿಗೆ ಪ್ರಿಯವಾದ ಈ ಕಥೆಯನ್ನು ಶ್ವೇತಾಂಬರ ಪರಂಪರೆ ಹೇಳುವಂತೆ ಇಲ್ಲಿ ನೆನೆಯೋಣ.

ಚಂಪಾನಗರಿಯ ರಾಜಪುತ್ರಿ ದುರ್ದೈವದಿಂದ ಕೌಶಾಂಬಿಯ ಬೀದಿಯಲ್ಲಿ ಮಾರಾಟಕ್ಕೆ ನಿಲ್ಲಬೇಕಾಯಿತು. ಧನಾವಹನೆಂಬ ಶ್ರೇಷ್ಠಿ ಮರುಕಗೊಂಡು ಅವಳನ್ನು ಮಗಳಂತೆ ಮನೆಗೆ ಕರೆತಂದನು. ಒಂದು ದಿನ ಹೊರಗಿನಿಂದ ಬಂದ ಅವನಿಗೆ ಚಂದನೆ ಕಾಲು ತೊಳೆಯುತ್ತಿದ್ದಳು. ಅವಳ ನೀಳವಾದ ಕೂದಲು ಜಾರಿ ಕೆಸರಿಗೆ ಬೀಳುವಂತಾದಾಗ ಶ್ರೇಷ್ಠಿ ಅದನ್ನು ಮೇಲೆತ್ತಿ ಕಟ್ಟಿದನು. ತಂದೆ ಮಗಳಿಗೆ ಮಾಡುವ ಉಪಚಾರ ಅದು. ಮೇಲಿನ ಗವಾಕ್ಷಿಯಿಂದ ನೋಡುತ್ತಿದ್ದ ಶ್ರೇಷ್ಠಿಯ ಪತ್ನಿ ಮೂಲಾಳಿಗೆ ಅದು ಬೇರೆಯೇ ಆಗಿ ಕಂಡಿತು. ಅವಳು ಕೇಳಲಿಲ್ಲ, ವಿಚಾರಿಸಲಿಲ್ಲ. ಗಂಡನಿಲ್ಲದ ವೇಳೆಯಲ್ಲಿ ಚಂದನೆಯ ತಲೆ ಬೋಳಿಸಿ, ಕಾಲಿಗೆ ಬೇಡಿ ತೊಡಿಸಿ ಕೋಣೆಯಲ್ಲಿ ಕೂಡಿಹಾಕಿದಳು. ಮಾತಿಲ್ಲದ ಒಂದು ಕ್ಷಣವನ್ನು ಮಾತ್ಸರ್ಯ ಓದಿದ ಪರಿ ಇದು.

ಅದೇ ಮನೆಯ ಹೊಸ್ತಿಲಲ್ಲಿ ಇನ್ನೊಂದು ಓದು ನಡೆಯಿತು. ಮಹಾವೀರರು ಕಠಿಣವಾದ ಅಭಿಗ್ರಹವನ್ನು ತಳೆದು, ಅದು ಏನೆಂದು ಯಾರಿಗೂ ತಿಳಿಸದೆ, 5 ತಿಂಗಳು 25 ದಿನಗಳಿಂದ ನಿರಾಹಾರರಾಗಿ ಕೌಶಾಂಬಿಯಲ್ಲಿ ಸಂಚರಿಸುತ್ತಿದ್ದರು. ದಾಸಿಯಾದ ರಾಜಪುತ್ರಿ, ಬೋಳಿಸಿದ ತಲೆ, ಕಾಲಲ್ಲಿ ಬೇಡಿ, ಹೊಸ್ತಿಲ ಒಳಗೊಂದು ಹೊರಗೊಂದು ಪಾದ, ಮೊರದಲ್ಲಿ ಬೆಂದ ಉದ್ದು, ಕಣ್ಣಿನಲ್ಲಿ ನೀರು. ಇಷ್ಟೂ ಕೂಡಿಬಂದರೆ ಮಾತ್ರ ಭಿಕ್ಷೆ. ಶ್ರೇಷ್ಠಿ ಬಂದು ಕೋಣೆಯ ಬಾಗಿಲು ತೆರೆದು, ಬೇಡಿ ಕಡಿಸಲು ಕಮ್ಮಾರನನ್ನು ಕರೆತರಲು ಹೋಗಿದ್ದ ಹೊತ್ತಿನಲ್ಲಿ ಭಗವಂತರು ಆ ಬಾಗಿಲಿಗೆ ಬಂದರು. ಅವರನ್ನು ಕಂಡ ಚಂದನೆಯ ಮುಖ ಅರಳಿತು. ಆದರೆ ಕಣ್ಣೀರು ಇರಲಿಲ್ಲ, ಅವರು ಹಿಂದಿರುಗಿದರು. ತನ್ನ ಪಾಲಿನ ಪುಣ್ಯವೂ ಬಾಗಿಲಿನಿಂದ ಮರಳಿತಲ್ಲ ಎಂದು ಅವಳ ಕಣ್ಣು ತುಂಬಿತು. ಅವರು ಮತ್ತೆ ತಿರುಗಿ ಬಂದು ಕೈಯೊಡ್ಡಿದರು ಎಂದು ಜನಜನಿತವಾದ ಕಥನ ಹೇಳುತ್ತದೆ. ಕೇಳಿದವರು ಒಂದು ಶಬ್ದವನ್ನಾಡಲಿಲ್ಲ. ಕೊಟ್ಟವಳೂ ತನ್ನ ದುಃಖವನ್ನು ಹೇಳಿಕೊಳ್ಳಲಿಲ್ಲ. ಮುಂದೆ ಇದೇ ಚಂದನೆ ಮಹಾವೀರರ ಸಂಘದ 36,000 ಆರ್ಯಿಕೆಯರಿಗೆ ಪ್ರಮುಖಳಾದಳು.

ಗವಾಕ್ಷಿಯಲ್ಲಿ ನಿಂತವಳು ಕಂಡದ್ದು ತನ್ನ ಸಂಶಯವನ್ನು. ಹೊಸ್ತಿಲಿಗೆ ಬಂದವರು ಕಂಡದ್ದು ಎದುರಿನ ಜೀವವನ್ನು. ನಮ್ಮ ಕುಟುಂಬಗಳು ಒಡೆಯುವುದು ಬಹಳ ಸಲ ಆಡಿದ ಮಾತಿಗಿಂತ ಹೆಚ್ಚಾಗಿ ಹೀಗೆ ತಪ್ಪಾಗಿ ಓದಿದ ಮೌನದಿಂದಲೇ. ‘ಅವನು ನನ್ನನ್ನು ನೋಡಿಯೂ ನೋಡದಂತೆ ಹೋದ’ ಎಂದು ವರ್ಷಗಟ್ಟಲೆ ಹಗೆ ಸಾಧಿಸುತ್ತೇವೆ. ಅವನ ಮನಸ್ಸು ಆ ಹೊತ್ತು ಯಾವ ಚಿಂತೆಯಲ್ಲಿತ್ತೋ! ವಸ್ತುವಿಗೆ ಅನಂತ ಧರ್ಮಗಳಿವೆ, ಒಂದು ಕಡೆಯಿಂದ ಕಂಡದ್ದೇ ಪೂರ್ಣಸತ್ಯವಲ್ಲವೆಂದು ಸಾರುವ ಅನೇಕಾಂತದ ಅನುಯಾಯಿಗಳು, ಒಂದು ನೋಟಕ್ಕೆ ಒಂದೇ ಅರ್ಥವನ್ನು ಅಂಟಿಸಿ ತೀರ್ಪು ಕೊಡುವುದು ಹೇಗೆ ಸರಿಯಾದೀತು? ಸಂಶಯ ಹುಟ್ಟಿದಾಗ ಮೌನವನ್ನು ಮುರಿದು ಪ್ರೀತಿಯಿಂದ ಕೇಳುವುದೇ ಅಲ್ಲಿ ಅಹಿಂಸೆ.

ಕೊನೆಯ ಸನ್ನೆ

ಮಾತಿಲ್ಲದ ನುಡಿಯನ್ನು ಓದುವ ಕಲೆ ಅತ್ಯಂತ ಅಗತ್ಯವಾಗುವುದು ಮರಣಶಯ್ಯೆಯ ಬಳಿಯಲ್ಲಿ. ಶಿವಾರ್ಯರ ‘ಭಗವತೀ ಆರಾಧನಾ’ ಸಲ್ಲೇಖನ ವ್ರತವನ್ನು ಸವಿಸ್ತಾರವಾಗಿ ನಿರೂಪಿಸುವ ಪ್ರಾಚೀನ ಪ್ರಾಕೃತ ಗ್ರಂಥ. ನಮ್ಮ ‘ವಡ್ಡಾರಾಧನೆ’ಯ ಕಥೆಗಳಿಗೂ ಈ ಆರಾಧನಾ ಪರಂಪರೆಗೂ ಸಂಬಂಧವಿದೆ. ಸಮಾಧಿಮರಣಕ್ಕೆ ಅಣಿಯಾದ ಕ್ಷಪಕನ ಸೇವೆಗೆ 48 ನಿರ್ಯಾಪಕ ಮುನಿಗಳನ್ನು ಆ ಗ್ರಂಥ ಹೇಳುತ್ತದೆ. ಕೊನೆಕೊನೆಗೆ ಕ್ಷಪಕನ ಮಾತು ನಿಂತುಹೋಗುತ್ತದೆ. ಆಗ ಅವನಿಗೆ ಎಚ್ಚರವಿದೆಯೇ, ಧರ್ಮೋಪದೇಶ ಕೇಳಿಸುತ್ತಿದೆಯೇ ಎಂಬುದನ್ನು ತಿಳಿಯುವುದು ಹೇಗೆ? ಗ್ರಂಥಕಾರರು ಒಂದೊಂದಾಗಿ ಹೇಳುತ್ತಾರೆ: ಅವನು ಹೂಂಕಾರದಿಂದ ತಿಳಿಸಬಹುದು, ಕೈಜೋಡಿಸಬಹುದು, ಹುಬ್ಬನ್ನು ಅಲುಗಿಸಬಹುದು, ಬೆರಳನ್ನು ಎತ್ತಬಹುದು, ಕಣ್ಣಿನಿಂದ ಸೂಚಿಸಬಹುದು, ಮುಷ್ಟಿ ಬಿಗಿಯಬಹುದು, ತಲೆಯನ್ನು ಆಡಿಸಬಹುದು. ಇಂಥ ಕುರುಹುಗಳನ್ನು ಕಂಡು, ಇವನ ಆರಾಧನೆ ಅಖಂಡವಾಗಿದೆಯೆಂದು ಮುನಿಗಳು ಅರಿಯುತ್ತಾರೆ.

ಸಾವಿರ ವರ್ಷಗಳಿಗೂ ಹಿಂದಿನ ಈ ವಿವರ ಇಂದಿನ ಪ್ರತಿಯೊಂದು ಮನೆಗೂ ಬೇಕಾದದ್ದು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ತಂದೆ, ನೆನಪು ಮಾಸಿದ ಅಜ್ಜಿ, ಆಸ್ಪತ್ರೆಯ ಹಾಸಿಗೆಯಲ್ಲಿ ಬಾಯಲ್ಲಿ ನಳಿಕೆಯಿಟ್ಟುಕೊಂಡು ಮಲಗಿರುವ ಬಂಧು. ಇವರ ಮುಂದೆಯೇ ಇವರು ಇಲ್ಲವೆಂಬಂತೆ ನಾವು ಖರ್ಚುವೆಚ್ಚದ, ಆಸ್ತಿಪಾಲಿನ ಮಾತನಾಡುತ್ತೇವೆ. ಮಾತು ಹೋದೊಡನೆ ಮನುಷ್ಯನೂ ಹೋದನೆಂದು ಭಾವಿಸುತ್ತೇವೆ. ಆದರೆ ಕಣ್ಣುರೆಪ್ಪೆಯ ಒಂದು ಬಡಿತಕ್ಕಾಗಿ, ಬೆರಳಿನ ಒಂದು ಅಲುಗಾಟಕ್ಕಾಗಿ ಕಾಯುವ ತಾಳ್ಮೆಯನ್ನು ಶಿವಾರ್ಯರು ಸೇವೆಯ ಭಾಗವನ್ನಾಗಿಸಿದ್ದಾರೆ. ಉಪಯೋಗವೇ, ಎಂದರೆ ಅರಿಯುವ ಶಕ್ತಿಯೇ, ಜೀವದ ಲಕ್ಷಣ. ಮಾತು ಅದರ ಹಲವು ಬಾಗಿಲುಗಳಲ್ಲಿ ಒಂದು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದರ ಬಳಿ ಹೋಗಿ ನಿಲ್ಲುವವನೇ ನಿಜವಾದ ಬಂಧು. ಹುಟ್ಟಿನಿಂದ ಕಿವಿ ಕೇಳದವರ ವಿಷಯದಲ್ಲಿಯೂ ಇದೇ ಮಾತು. ಅವರ ಸನ್ನೆಭಾಷೆ ತನ್ನದೇ ವ್ಯಾಕರಣವುಳ್ಳ ಸಂಪೂರ್ಣ ಭಾಷೆ. ಅದರ ನಾಲ್ಕಾರು ಪದಗಳನ್ನಾದರೂ ಕಲಿಯುವುದು ಜ್ಞಾನದಾನದಷ್ಟೇ ಶ್ರೇಷ್ಠವಾದ ಕಾರ್ಯ.

ಮೌನವೇ ದೋಷವಾಗುವ ಹೊತ್ತು

ಹಾಗೆಂದು ಎಲ್ಲೆಡೆಯೂ ಸುಮ್ಮನಿರುವುದೇ ಧರ್ಮವೆಂದು ತಿಳಿಯಬಾರದು. ಯೋಗ, ಧ್ಯಾನಗಳ ಮಹಾಗ್ರಂಥ ‘ಜ್ಞಾನಾರ್ಣವ’ದಲ್ಲಿ ಶುಭಚಂದ್ರಾಚಾರ್ಯರು ಮೌನವನ್ನು ಎತ್ತಿಹಿಡಿದು, ಜೊತೆಗೇ ಒಂದು ಎಚ್ಚರಿಕೆಯನ್ನೂ ನೀಡುತ್ತಾರೆ. ಧರ್ಮ ನಾಶವಾಗುವಲ್ಲಿ, ಸದಾಚಾರ ಕೆಡುವಲ್ಲಿ, ಸಿದ್ಧಾಂತದ ಅರ್ಥ ತಲೆಕೆಳಗಾಗುವಲ್ಲಿ ಯಾರೂ ಕೇಳದಿದ್ದರೂ ಮುಂದೆ ಬಂದು ಮಾತನಾಡಬೇಕೆಂಬುದು ಅವರ ಆಶಯ. ದುರ್ಬಲನೊಬ್ಬನಿಗೆ ಕಣ್ಣೆದುರೇ ಅನ್ಯಾಯವಾಗುತ್ತಿರುವಾಗ ತಳೆಯುವ ಮೌನ ಅನುಮೋದನೆಯ ಸಾಲಿಗೆ ಸೇರುತ್ತದೆ. ಮೌನ ಯಾವಾಗ ತಪಸ್ಸು, ಯಾವಾಗ ತಪ್ಪಿಸಿಕೊಳ್ಳುವ ಉಪಾಯ ಎಂಬುದನ್ನು ಅವರವರ ಅಂತಃಕರಣವೇ ನಿರ್ಣಯಿಸಬೇಕು. ಅದಕ್ಕೆ ಒಂದು ಸುಲಭವಾದ ಒರೆಗಲ್ಲಿದೆ: ಈ ಮೌನದಿಂದ ನನ್ನ ಕಷಾಯ ಕರಗುತ್ತಿದೆಯೇ, ಇಲ್ಲವೇ ನನ್ನ ಅನುಕೂಲ ಉಳಿಯುತ್ತಿದೆಯೇ?

ಬಾಗಿದ ತಲೆ

ವೇಣೂರಿನಲ್ಲಿ ನಿಂತಿರುವ ಬಾಹುಬಲಿಯ ಜೀವನದಲ್ಲಿ ಯುದ್ಧವೂ ಮಾತಿಲ್ಲದೆಯೇ ನಡೆಯಿತು. ಸೈನ್ಯಗಳ ರಕ್ತಪಾತವನ್ನು ತಪ್ಪಿಸಲು ಭರತ ಬಾಹುಬಲಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೊಡಗಿದರು. ರೆಪ್ಪೆ ಮಿಟುಕಿಸದೆ ಒಬ್ಬರನ್ನೊಬ್ಬರು ನೋಡಿದ ಅಣ್ಣತಮ್ಮಂದಿರ ಕಣ್ಣುಗಳಲ್ಲಿ ಅಂದು ಇದ್ದದ್ದು ಮಾನಕಷಾಯ. ಮೂರರಲ್ಲಿಯೂ ಗೆದ್ದ ಬಾಹುಬಲಿಗೆ ಗೆಲುವಿನಲ್ಲಿಯೇ ವೈರಾಗ್ಯ ಮೂಡಿತು. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಬಳ್ಳಿಗಳು ಮೈಯನ್ನು ಸುತ್ತಿದವು, ಹುತ್ತಗಳು ಬೆಳೆದವು. ಆದರೂ ಕೇವಲಜ್ಞಾನ ಮೂಡಲಿಲ್ಲ. ‘ನನ್ನಿಂದ ಭರತನಿಗೆ ನೋವಾಯಿತಲ್ಲ’ ಎಂಬ ನವಿರಾದ ಎಳೆಯೊಂದು ಮನಸ್ಸಿನಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರ ಆದಿಪುರಾಣದ ಪರಂಪರೆ ಹೇಳುತ್ತದೆ. ಷಟ್ಖಂಡಗಳನ್ನು ಗೆದ್ದ ಚಕ್ರವರ್ತಿ ಬಂದು ತಮ್ಮನ ಪಾದಕ್ಕೆ ಎರಗಿ ಪೂಜಿಸಿದಾಗ ಆ ಎಳೆ ಕಡಿಯಿತು, ಜ್ಞಾನಸೂರ್ಯ ಉದಯಿಸಿದನು. ಒಂದು ವರ್ಷದ ತಪಸ್ಸಿಗೆ ದಕ್ಕದೆ ಉಳಿದಿದ್ದ ಗಂಟನ್ನು ಅಣ್ಣನ ಬಾಗಿದ ತಲೆ ಬಿಡಿಸಿತು. ನೋಟದಿಂದ ಕಟ್ಟಿದ್ದು ನಮಸ್ಕಾರದಿಂದ ಕಳಚಿತು.

ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಣಿಯ ದಿನ ನಾವೆಲ್ಲ ಕ್ಷಮೆಯ ಮಾತನ್ನು ಆಡುತ್ತೇವೆ. ಈಗಂತೂ ಒಂದೇ ಸಂದೇಶವನ್ನು ನೂರು ಜನರಿಗೆ ಒಮ್ಮೆಗೇ ಕಳುಹಿಸುತ್ತೇವೆ. ನಿಜವಾಗಿ ಯಾರ ಕ್ಷಮೆ ಬೇಕಾಗಿದೆಯೋ ಅವರ ಮನೆ ಬಹುಶಃ ಪಕ್ಕದ ಬೀದಿಯಲ್ಲಿಯೇ ಇರುತ್ತದೆ. ಆ ಹೊಸ್ತಿಲಿಗೆ ಹೋಗಿ ನಿಂತರೆ ಮಾತು ಹೊರಡದೆ ಇರಬಹುದು, ಹೊರಡಬೇಕಾಗಿಯೂ ಇಲ್ಲ. ಹೋದದ್ದೇ ಮಾತು, ಜೋಡಿಸಿದ ಕೈಯೇ ವಾಕ್ಯ.

ಪ್ರತಿದಿನ ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಆಡಿದ ಮಾತುಗಳನ್ನು ನೆನೆದು ಆಲೋಚನೆ ಮಾಡುತ್ತೇವೆ. ಅದರ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನು ಸೇರಿಸಿಕೊಳ್ಳೋಣ. ಇಂದು ನನ್ನ ಕಣ್ಣು, ಮುಖ, ಕೈಗಳು ಯಾರಿಗೆ ಏನನ್ನು ಹೇಳಿದವು? ಯಾರ ಮೌನವನ್ನು ನಾನು ಕೇಳದೆಯೇ ತಪ್ಪಾಗಿ ಓದಿದೆ? ಮಾತಿಲ್ಲದ ಯಾವ ಜೀವಿ ನನಗೆ ಏನನ್ನೋ ಹೇಳಲು ಬಂದಾಗ ನಾನು ಗಮನಿಸದೆ ನಡೆದುಬಿಟ್ಟೆ? ಈ ಮೂರಕ್ಕೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡವನ ಮೌನ ದಿನದಿನಕ್ಕೆ ತಿಳಿಯಾಗುತ್ತದೆ. ಅಂಥವನು ಬಾಯಿ ತೆರೆದಾಗ ಹೊರಡುವ ಮಾತೂ ಹಿತವಾಗಿ, ಮಿತವಾಗಿ, ಪ್ರಿಯವಾಗಿ ಕೇಳುವವರನ್ನು ತಲುಪುತ್ತದೆ.